ಸರ್ಕಾರ ಕೋಟಿಗಟ್ಟಲೆ ಹಣ ಕೊಟ್ಟರೂ ಸಕ್ಕರೆ ಕಾರ್ಖಾನೆ ನೌಕರರು ಕೆಲಸ ಕಳೆದುಕೊಳ್ಳುವುದೇಕೆ?

ಸರ್ಕಾರಿ ಒಡೆತನದ ಕಾರ್ಖಾನೆಗೆ ಹಣ ಬಿಡುಗಡೆಯಾಯಿತು ಎಂದು ಪೇಪರಿನಲ್ಲಿ ಓದಿದಿರಿ. ಅದೇ ವರ್ಷ ಅಲ್ಲಿ ಸೀಜನಲ್ ನೌಕರರಾಗಿದ್ದ ನಿಮ್ಮ ಮಾವನವರನ್ನು ಕಬ್ಬು ನುರಿಸುವ ಹಂಗಾಮಿಗೆ ಕರೆಯಲಿಲ್ಲ. ಹಾಗಾದರೆ ಆ ಹಣ ಎಲ್ಲಿ ಹೋಯಿತು ಎಂದು ಕೇಳಿದ್ದೀರಿ. ನಾನು ಬೀದರ್ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ, ಪಗಾರ, ಪಿಎಫ್ ಲೆಕ್ಕ ನೋಡುತ್ತಿದ್ದವನು. ನಮ್ಮದು ಸರ್ಕಾರಿ ಕಂಪನಿಯಲ್ಲ, ರೈತರ ಷೇರಿನ ಸಹಕಾರಿ ಕಾರ್ಖಾನೆ. ಆದರೆ ಸರ್ಕಾರದ ಹಣ ಬರುವ ರೀತಿ, ಬ್ಯಾಂಕಿನ ಹಿಡಿತ, ಸೀಜನಲ್ ನೌಕರರ ಪಾಡು ಎರಡೂ ಕಡೆ ಒಂದೇ.

ನೇರವಾಗಿ ಹೇಳುತ್ತೇನೆ. ಆ ಹಣ ಪಗಾರಕ್ಕೆಂದು ಬಂದದ್ದೇ ಅಲ್ಲ. ಸರ್ಕಾರದ ನೆರವು ಹೆಚ್ಚಾಗಿ ಸಾಲದ ರೂಪದಲ್ಲಿ ಬರುತ್ತದೆ, ಇಲ್ಲವೇ ಬ್ಯಾಂಕ್ ಕೊಡುವ ಸಾಲಕ್ಕೆ ಸರ್ಕಾರ ಗ್ಯಾರಂಟಿ ನಿಲ್ಲುತ್ತದೆ. ಬಂದ ಕೂಡಲೇ ಹಳೆಯ ಬಡ್ಡಿ, ರೈತರ ಕಬ್ಬಿನ ಬಾಕಿ, ಬಾಯ್ಲರ್ ದುರಸ್ತಿ ಎಂದು ಹಂಚಿಹೋಗುತ್ತದೆ. ರೈತರ ಬಾಕಿ ಮೊದಲು ತೀರಬೇಕಾದದ್ದೇ, ಅದರಲ್ಲಿ ನನಗೆ ತಕರಾರಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ. ರೈತನಿಗೆ ಸಂಘವಿದೆ, ರಸ್ತೆಯಲ್ಲಿ ನಿಲ್ಲಿಸಲು ಟ್ರ್ಯಾಕ್ಟರ್ ಇದೆ. ಬ್ಯಾಂಕಿನ ಕೈಯಲ್ಲಿ ಅಡಮಾನ ಪತ್ರವಿದೆ. ಸೀಜನಲ್ ನೌಕರನ ಕೈಯಲ್ಲಿ ಎಷ್ಟೋ ಸಲ ಒಂದು ಚೀಟಿಯೂ ಇರುವುದಿಲ್ಲ.

ಕಾರ್ಖಾನೆ ತಯಾರಿಸಿದ ಸಕ್ಕರೆ ಗೋದಾಮಿನಲ್ಲಿ ಇರುವಾಗಲೇ ಬ್ಯಾಂಕಿನ ಪಾಲಾಗಿರುತ್ತದೆ. ಚೀಲಗಳನ್ನು ಒತ್ತೆಯಿಟ್ಟು ಸಾಲ ಎತ್ತಿ ಆ ಹಣದಲ್ಲೇ ಹಂಗಾಮು ನಡೆಸುವುದು ವಾಡಿಕೆ. ಸಕ್ಕರೆ ಮಾರಿದರೆ ಬ್ಯಾಂಕ್ ತನ್ನ ಪಾಲು ಹಿಡಿದುಕೊಂಡೇ ಉಳಿದದ್ದನ್ನು ಬಿಡುತ್ತದೆ. ಲೆಕ್ಕವೂ ಬಿಗಿ. ಕೇಂದ್ರ ಸರ್ಕಾರ ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯನ್ನು 2019ರ ಫೆಬ್ರುವರಿಯಲ್ಲಿ ಕೆಜಿಗೆ 31 ರೂಪಾಯಿಗೆ ನಿಗದಿ ಮಾಡಿತು. 2024–25ರ ಹಂಗಾಮಿನಲ್ಲೂ ಅದು ಅಷ್ಟೇ ಇತ್ತು. ಕಬ್ಬಿನ ಎಫ್‌ಆರ್‌ಪಿ, ಅಂದರೆ ರೈತನಿಗೆ ಕೊಡಲೇಬೇಕೆಂದು ಕೇಂದ್ರ ಗೊತ್ತುಮಾಡುವ ಬೆಲೆ, ಆ ಹಂಗಾಮಿಗೆ ಶೇ. 10.25 ಸಕ್ಕರೆ ಇಳುವರಿಯ ಮೇಲೆ ಟನ್ನಿಗೆ 3,400 ರೂಪಾಯಿ. ಅಷ್ಟು ಇಳುವರಿ ಬಂದರೆ ಒಂದು ಟನ್ ಕಬ್ಬಿಗೆ 102.5 ಕೆಜಿ ಸಕ್ಕರೆ, 31ರ ದರದಲ್ಲಿ ಸುಮಾರು 3,178 ರೂಪಾಯಿ. ಪೇಟೆ ದರ ಇದಕ್ಕಿಂತ ಮೇಲಿರುತ್ತದೆ ನಿಜ. ಆದರೂ ಎಥನಾಲ್ ಮತ್ತು ವಿದ್ಯುತ್ ಮಾರುವ ಖಾಸಗಿಯವರು ಉಳಿದುಕೊಳ್ಳುತ್ತಾರೆ, ಬರೀ ಸಕ್ಕರೆ ನಂಬಿದ ಹಳೆಯ ಕಾರ್ಖಾನೆ ಉಳಿಯುವುದು ಕಷ್ಟ.

ಹಣ ಎಷ್ಟು ಬಂತು ಎನ್ನುವುದಕ್ಕಿಂತ ಯಾವ ತಿಂಗಳಲ್ಲಿ ಬಂತು ಎನ್ನುವುದು ದೊಡ್ಡದು. ಹಂಗಾಮು ಮುಗಿದ ಮೇಲೆ, ಬೇಸಿಗೆಯಿಂದ ಮಳೆಗಾಲದ ಕೊನೆಯವರೆಗೆ ಓವರ್‌ಹಾಲ್ ಕಾಲ. ಮಿಲ್ಲಿನ ರೋಲರ್ ಬಿಚ್ಚಬೇಕು, ಬಾಯ್ಲರ್ ಟ್ಯೂಬ್ ಬದಲಿಸಬೇಕು, ಪಾಕ ಕುದಿಸುವ ಪ್ಯಾನ್ ತೊಳೆಯಬೇಕು. ಆಗ ಬರಬೇಕಾದ ಹಣ ಫೈಲಿನಲ್ಲಿ ಓಡಾಡಿ ದಸರೆ ದಾಟಿ ಬಂದರೆ ಅರ್ಧಂಬರ್ಧ ದುರಸ್ತಿಯಲ್ಲಿ ನುರಿಸಲು ಶುರುಮಾಡುತ್ತಾರೆ. ವಾರಕ್ಕೊಮ್ಮೆ ಮಿಲ್ ನಿಲ್ಲುತ್ತದೆ. ಅಂಗಳದಲ್ಲಿ ನಿಂತ ಗಾಡಿಯ ಕಬ್ಬು ಒಣಗಿ ಇಳುವರಿ ಬೀಳುತ್ತದೆ. ಮರುವರ್ಷ ರೈತ ಪಕ್ಕದ ಕಾರ್ಖಾನೆಗೆ ಹೋಗುತ್ತಾನೆ, ಹೋಗಲೇಬೇಕು, ಅವನಿಗೂ ಸಂಸಾರವಿದೆ. ಕಬ್ಬು ಕಡಿಮೆಯಾದರೆ ಮೂರು ಪಾಳಿಗೆ ಬೇಕಾದ ಜನರೂ ಕಡಿಮೆ.

ಆ ಕಡಿತ ಹೇಗೆ ನಡೆಯುತ್ತದೆ ಎನ್ನುವುದು ಹೊರಗಿನವರಿಗೆ ಕಾಣುವುದೇ ಇಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಸೀಜನಲ್ ನೌಕರನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಕರೆಯುವುದನ್ನು ನಿಲ್ಲಿಸುತ್ತಾರೆ. ಪ್ರತಿ ವರ್ಷ ಹಂಗಾಮಿಗೆ ಮುಂಚೆ ಹಾಜರಾಗಿ ಎಂದು ಪತ್ರ ಹೋಗುತ್ತದೆ. ಒಂದು ವರ್ಷ ಹೋಗುವುದಿಲ್ಲ. ವಜಾ ಆದೇಶವಿಲ್ಲ, ನೋಟಿಸಿಲ್ಲ, ಪರಿಹಾರವಿಲ್ಲ, ಕೆಲಸ ಹೋದವರ ಪಟ್ಟಿಯಲ್ಲಿ ಹೆಸರೂ ಇಲ್ಲ. “ಸಾಹೇಬ್ರ, ಈ ಸಲ ಪತ್ರ ಬರಲೇ ಇಲ್ಲಲ್ರೀ” ಎಂದು ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದ ಹಿರಿಯರಿಗೆ ಹೇಳಲು ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಅವರಲ್ಲಿ ಪ್ಯಾನಿನ ಮುಂದೆ ನಿಂತು ಬೆರಳಲ್ಲಿ ಪಾಕ ಮುಟ್ಟಿ ಹರಳು ಕಟ್ಟಿದೆಯೋ ಇಲ್ಲವೋ ಹೇಳುವವರಿದ್ದರು. ಅಂಥ ಕೈಗಳನ್ನು ಕಳೆದುಕೊಂಡ ಕಾರ್ಖಾನೆಗೆ ಎಷ್ಟು ಕೋಟಿ ಸುರಿದರೂ ಇಳುವರಿ ಮೇಲೇಳುವುದಿಲ್ಲ ಎಂದು ನಾನು ನಂಬಿದ್ದೇನೆ.

ಇಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ತೀರ್ಪಿದೆ. ಪಂಜಾಬಿನ ಮೋರಿಂಡಾ ಸಹಕಾರಿ ಸಕ್ಕರೆ ಕಾರ್ಖಾನೆಯ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಹಂಗಾಮು ಮುಗಿದು ಕೆಲಸ ನಿಂತರೆ ಅದು ರಿಟ್ರೆಂಚ್‌ಮೆಂಟ್ (ಪರಿಹಾರ ಕೊಡಬೇಕಾದ ಕೆಲಸ ಕಡಿತ) ಅಲ್ಲ ಎಂದಿತು. ಇದು ನೌಕರರಿಗೆ ಪೆಟ್ಟು. ಆದರೆ ಅದೇ ತೀರ್ಪಿನಲ್ಲಿ, ಸೀಜನಲ್ ನೌಕರರ ರಿಜಿಸ್ಟರ್ ಇಡಬೇಕು, ಹೊಸ ಹಂಗಾಮಿಗೆ ಅವರ ಊರುಗಳ ಸುತ್ತ ಪ್ರಕಟಣೆ ಕೊಡಬೇಕು, ಹಾಜರಾದವರನ್ನು ಸೇವಾ ಹಿರಿತನ ಮತ್ತು ಕೆಲಸದ ಅಗತ್ಯ ನೋಡಿ ತೆಗೆದುಕೊಳ್ಳಬೇಕು ಎಂದು ಆ ಕಾರ್ಖಾನೆಗೆ ನಿರ್ದೇಶನವನ್ನೂ ಕೊಟ್ಟಿತು. ಮಾವನವರಿಗಿಂತ ಕಿರಿಯರನ್ನು ಕರೆದು ಅವರನ್ನು ಬಿಟ್ಟಿದ್ದರೆ ಕಾರ್ಮಿಕ ಇಲಾಖೆಯ ಮುಂದೆ ಈ ತೀರ್ಪನ್ನು ಇಡಿ.

ಇನ್ನೊಂದು ತೀರ್ಪು 2009ರದು, ಮಹಾರಾಷ್ಟ್ರದ್ದು. ಬ್ಯಾಂಕಿಗೆ ಒತ್ತೆಯಿಟ್ಟಿದ್ದ ಸಕ್ಕರೆ ಚೀಲಗಳನ್ನು ಪಿಎಫ್ ಅಧಿಕಾರಿಗಳು ಬಾಕಿ ವಸೂಲಿಗೆ ಜಪ್ತಿ ಮಾಡಿದರು. ರಾಜ್ಯ ಸಹಕಾರಿ ಬ್ಯಾಂಕ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಸೋತಿತು. ಆಗಿನ ಪಿಎಫ್ ಕಾಯ್ದೆಯ 11ನೇ ಕಲಮಿನ ಪ್ರಕಾರ ನೌಕರರ ಪಿಎಫ್ ಬಾಕಿಯೇ ಮೊದಲು, ಒತ್ತೆಯಿಟ್ಟುಕೊಂಡ ಬ್ಯಾಂಕ್ ಆಮೇಲೆ ಎಂದು ಕೋರ್ಟ್ ಹೇಳಿತು. ನೆರವಿನ ಹಣ ಬಂದಾಗ ‘ಮೊದಲು ಬ್ಯಾಂಕ್’ ಎನ್ನುವವರಿಗೆ ಇದನ್ನು ತೋರಿಸಬೇಕು.

ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿನಲ್ಲಿ ಮಾತ್ರ ಕಾನೂನೇ ಸೀಜನಲ್ ನೌಕರನ ಕೈಬಿಟ್ಟಿದೆ. 1972ರ ಕಾಯ್ದೆ ಬರೆದದ್ದೇ ಹೀಗೆ: ವರ್ಷಪೂರ್ತಿ ಕೆಲಸದವನಿಗೆ ವರ್ಷಕ್ಕೆ 15 ದಿನದ ಪಗಾರ, ಸೀಜನಲ್ ಆದವನಿಗೆ ಹಂಗಾಮಿಗೆ 7 ದಿನದ್ದು. ಕೊನೆಯ ಪಗಾರ 13,000 ರೂಪಾಯಿ, ಸೇವೆ 30 ವರ್ಷ ಎಂದು ಹಿಡಿಯಿರಿ. ಪರ್ಮನೆಂಟ್ ನೌಕರನಿಗೆ 2.25 ಲಕ್ಷ, ಸೀಜನಲ್‌ಗೆ 1.05 ಲಕ್ಷ. ಪಕ್ಕಪಕ್ಕದಲ್ಲಿ ನಿಂತು ಅದೇ ಬಿಸಿಯಲ್ಲಿ ಬೆಂದವರು.

ಸರ್ಕಾರಿ ಒಡೆತನವೇ ಕಾಪಾಡುತ್ತದೆಯೇ ಎಂದೂ ಕೇಳಿದ್ದೀರಿ. ನಮ್ಮ ಗಡಿಯಾಚೆ ತೆಲಂಗಾಣದ ಬೋಧನ್ ನೋಡಿ. ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1937ರಲ್ಲಿ, ಅಲ್ಲಿ ನಿಜಾಂ ಶುಗರ್ ಫ್ಯಾಕ್ಟರಿ ಹುಟ್ಟಿತು. 2002ರಲ್ಲಿ ಖಾಸಗಿಯವರಿಗೆ ಶೇ. 51 ಪಾಲು ಹೋಯಿತು, 49 ಸರ್ಕಾರದ ಬಳಿಯೇ ಉಳಿಯಿತು. 2015ರ ಡಿಸೆಂಬರಿನಲ್ಲಿ ಲೇಆಫ್ ಘೋಷಿಸಿ ಬಾಗಿಲು ಹಾಕಿದರು. ಸರ್ಕಾರದ ಶೇ. 49 ಪಾಲು ನೌಕರರ ಪಗಾರವನ್ನು ಉಳಿಸಲಿಲ್ಲ. ಮಂಡ್ಯದ ಮೈಶುಗರ್ 1933ರ ಸರ್ಕಾರಿ ಕಾರ್ಖಾನೆ. ಕೆಲವು ಹಂಗಾಮು ನಿಂತು 2022ರಲ್ಲಿ ಸರ್ಕಾರದ ಹಣದಿಂದಲೇ ಮತ್ತೆ ನುರಿಸಿತು. ಹಾಗಾಗಿ ಹಣ ಹಾಕಬಾರದು ಎನ್ನುವವರ ಜೊತೆ ನಾನಿಲ್ಲ. ಹಾಕಬೇಕು, ಏಪ್ರಿಲ್‌ನಲ್ಲೇ ಹಾಕಬೇಕು, ಮಂಜೂರಾತಿ ಆದೇಶದಲ್ಲೇ ಪಗಾರ ಮತ್ತು ಪಿಎಫ್ ಬಾಕಿಗೆ ಇಂತಿಷ್ಟು ಎಂದು ಬರೆಯಬೇಕು.

ಮಾವನವರ ಮಟ್ಟಿಗೆ ಹೇಳುವುದಾದರೆ, ಮೊದಲು ಅವರ ಪಿಎಫ್ ಪಾಸ್‌ಬುಕ್ ತೆಗೆಸಿ ಯಾವ ಯಾವ ವರ್ಷ ಹಣ ಕಟ್ಟಿಲ್ಲ ನೋಡಿ. ಪಿಂಚಣಿಗೆ 10 ವರ್ಷದ ಸೇವೆ ಬೇಕು, ಸೀಜನಲ್ ನೌಕರರಿಗೆ ಒಂದು ಹಂಗಾಮು ದುಡಿದರೂ ಅದನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು ಎಂದು 1995ರ ಪಿಂಚಣಿ ಯೋಜನೆಯಲ್ಲೇ ಇದೆ. ಕೌಂಟರಿನಲ್ಲಿ ತಿಂಗಳು ಕಡಿಮೆ ಎಂದು ತಿರುಗಿ ಕಳಿಸಿದರೆ ಈ ಮಾತು ಎತ್ತಿ. ಕಟ್ಟದ ವರ್ಷಗಳಿದ್ದರೆ ಹಳೆಯ ಪಗಾರ ಚೀಟಿ, ಗೇಟ್ ಪಾಸ್, ಹಂಗಾಮಿನ ಕರೆಪತ್ರ ಸಿಕ್ಕಷ್ಟನ್ನು ಸೇರಿಸಿ ನಿಮ್ಮ ಭಾಗದ ಪಿಎಫ್ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಜೊತೆಗೆ ಕೆಲಸ ಮಾಡಿದ ನಾಲ್ಕೈದು ಜನ ಸೇರಿ ಒಂದೇ ಅರ್ಜಿಯಲ್ಲಿ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ಕಾರ್ಖಾನೆ ಹರಾಜಿಗೋ ಲೀಸಿಗೋ ಹೋಗುವ ಮಾತು ಎದ್ದಿದ್ದರೆ ಅದಕ್ಕೂ ಮುಂಚೆಯೇ ಈ ಅರ್ಜಿ ಒಳಗೆ ಹೋಗಿರಬೇಕು.