ಶೀತದ ಮಾತ್ರೆ ನುಂಗಿದರೆ ಮೂತ್ರ ಕಟ್ಟುವುದು ಯಾಕೆ?

ಪ್ರಶ್ನೆ: ನನಗೆ 64 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ ಇದೆ. ಒಣ ಅಡಿಕೆ ಸುಲಿಯುವಾಗ ಧೂಳಿಗೆ ಸೀನು ಶುರುವಾಗುತ್ತದೆ, ಮೂಗು ಕಟ್ಟುತ್ತದೆ. ಮೆಡಿಕಲ್‌ನಿಂದ ಶೀತದ ಮಾತ್ರೆ ತಂದು ದಿನಕ್ಕೆ ಎರಡು ನುಂಗುತ್ತೇನೆ. ಸೀನು ಕಡಿಮೆಯಾಗುತ್ತದೆ. ಆದರೆ ಬಾಯಿ ಒಣಗುತ್ತದೆ, ಹಗಲೂ ತೂಕಡಿಕೆ. ರಾತ್ರಿ ಮೂತ್ರಕ್ಕೆ ಹೋದರೆ ಬೇಗ ಬರುವುದೇ ಇಲ್ಲ. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೂರು ವರ್ಷದ ಮೊಮ್ಮಗನಿಗೆ ಶೀತವಾದರೆ ಇದನ್ನೇ ಅರ್ಧ ಕೊಡಬಹುದೇ?

ಉತ್ತರ: ಮೊದಲು ಮೊಮ್ಮಗನ ವಿಷಯ. ಕಾಲು ಭಾಗವೂ ಕೊಡಬೇಡಿ. ಶೀತದ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಇರುವ ಕ್ಲೋರ್‌ಫೆನಿರಮೈನ್ (ಅಲರ್ಜಿ ಔಷಧಿ) ಮತ್ತು ಫಿನೈಲೆಫ್ರಿನ್ (ಮೂಗು ಬಿಡಿಸುವ ಔಷಧಿ) ಸೇರಿದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲ್‌ನಲ್ಲಿ ಮುದ್ರಿಸಲು 2023ರಲ್ಲಿ ನಮ್ಮ ದೇಶದ ಔಷಧ ನಿಯಂತ್ರಕರೇ ಸೂಚಿಸಿದ್ದಾರೆ.

ಇನ್ನು ನಿಮ್ಮದು. ಮಾತ್ರೆಯ ಹೆಸರು ನೀವು ಬರೆದಿಲ್ಲ. ಆದರೆ ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಎರಡು ಔಷಧಿ ಒಟ್ಟಿಗೆ ಇರುತ್ತವೆ. ಒಂದು ಸೀನು, ತುರಿಕೆ ತಡೆಯುವ ಅಲರ್ಜಿ ಔಷಧಿ. ಇನ್ನೊಂದು ಮೂಗಿನೊಳಗೆ ಊದಿಕೊಂಡ ರಕ್ತನಾಳಗಳನ್ನು ಕುಗ್ಗಿಸುವಂಥದ್ದು. ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಇರುತ್ತದೆ. ಅದು ಗೊತ್ತಿಲ್ಲದೆ ಜ್ವರಕ್ಕೆಂದು ಬೇರೆ ಪ್ಯಾರಾಸಿಟಮಾಲ್ ನುಂಗಿದರೆ ಡೋಸ್ ಜಾಸ್ತಿಯಾಗಿ ಲಿವರ್‌ಗೆ ಪೆಟ್ಟು.

ಬಾಯಿ ಒಣಗುವುದು, ತೂಕಡಿಕೆ ಮೊದಲನೆಯದರ ಕೆಲಸ. ಕ್ಲೋರ್‌ಫೆನಿರಮೈನ್‌ನಂಥ ಹಳೆಯ ಔಷಧಿಗಳಲ್ಲಿ ಇದು ಜಾಸ್ತಿ. ಅದನ್ನು ನುಂಗಿ ಬೈಕ್ ಓಡಿಸಬೇಡಿ, ಏಣಿ ಹತ್ತಬೇಡಿ. ಮದ್ಯವಂತೂ ಬೇಡವೇ ಬೇಡ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಮೂತ್ರದ ಮಾತು. ಮೂತ್ರ ಹೊರಗೆ ಬರಬೇಕಾದರೆ ಮೂತ್ರಕೋಶ ಹಿಂಡಬೇಕು, ಅದರ ಬಾಯಿ ಸಡಿಲವಾಗಬೇಕು. ಹಳೆಯ ಅಲರ್ಜಿ ಔಷಧಿ ಆ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಮೂಗು ಬಿಡಿಸುವ ಔಷಧಿ ಮೂತ್ರಕೋಶದ ಬಾಯಿಯನ್ನು ಬಿಗಿ ಮಾಡುತ್ತದೆ. ನಿಮ್ಮ ವಯಸ್ಸಿನ ಗಂಡಸರಲ್ಲಿ ಮೂತ್ರದ ದಾರಿಯನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವುದು ಸಾಮಾನ್ಯ. ದಾರಿ ಮೊದಲೇ ಇಕ್ಕಟ್ಟಾಗಿರುವಲ್ಲಿ ಇವೆರಡೂ ಸೇರಿದರೆ ಮೂತ್ರ ಪೂರ್ತಿ ಕಟ್ಟಿಹೋಗಬಹುದು. ಆದ್ದರಿಂದ ಆ ಮಾತ್ರೆ ಇವತ್ತೇ ನಿಲ್ಲಿಸಿ. ವೈದ್ಯರಲ್ಲಿ ಪ್ರಾಸ್ಟೇಟ್ ಪರೀಕ್ಷೆಯನ್ನೂ ಮಾಡಿಸಿ. ಹೊಟ್ಟೆಯ ಕೆಳಭಾಗ ಉಬ್ಬಿ ನೋವಾಗಿ ಮೂತ್ರ ಹೋಗದೇ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಕಾಸರಗೋಡೋ ಮಂಗಳೂರೋ, ಹತ್ತಿರದ ಆಸ್ಪತ್ರೆಗೆ ರಾತ್ರಿಯೇ ಹೋಗಿ. ಕಣ್ಣು ನೋವಾಗಿ ದೃಷ್ಟಿ ಮಂಜಾದರೂ ಅಷ್ಟೇ, ಕೆಲವು ಬಗೆಯ ಗ್ಲಾಕೋಮಾ (ಕಣ್ಣಿನ ನರಕ್ಕೆ ಪೆಟ್ಟು ಕೊಡುವ ರೋಗ) ಇರುವವರಿಗೆ ಈ ಮಾತ್ರೆಗಳು ಅಪಾಯ.

ಬಿಪಿ ಇರುವವರು ಎರಡನೆಯ ಔಷಧಿಯ ಬಗ್ಗೆ ಎಚ್ಚರವಾಗಿರಬೇಕು. ಆ ಗುಂಪಿನ ಸ್ಯೂಡೋಎಫೆಡ್ರಿನ್ ಬಿಪಿ ಏರಿಸಬಹುದು, ಎದೆ ಡವಡವ ಅನ್ನಿಸಬಹುದು, ನಿದ್ದೆ ಕೆಡಿಸಬಹುದು. ಫಿನೈಲೆಫ್ರಿನ್ ನುಂಗಿದರೆ ಮೂಗು ಬಿಡುವುದೇ ಇಲ್ಲ ಎಂಬ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರಲ್ಲಿ ಅದನ್ನು ಚೀಟಿಯಿಲ್ಲದೆ ಸಿಗುವ ಶೀತದ ಮಾತ್ರೆಗಳಿಂದ ತೆಗೆಯುವ ಪ್ರಸ್ತಾಪ ಇಟ್ಟಿತು. ಉಪಯೋಗವೇ ಇಲ್ಲದ್ದನ್ನು ಬಿಪಿ ಇರುವವರು ಸುಮ್ನೆ ಯಾಕೆ ನುಂಗಬೇಕು, ಅಲ್ವಾ?

ಹಾಗಾದರೆ ಸೀನಿಗೆ ಏನು ಮಾಡುವುದು? ಅಡಿಕೆ ಸುಲಿಯುವಾಗ ಮೂಗು ಬಾಯಿಗೆ ಸರಿಯಾಗಿ ಕೂರುವ ಮಾಸ್ಕ್ ಹಾಕಿ, ಗಾಳಿಯಾಡುವ ಕಡೆ ಕೂತುಕೊಳ್ಳಿ, ಕೆಲಸ ಮುಗಿದ ಮೇಲೆ ಸಲೈನ್‌ನಿಂದ (ಮೂಗು ತೊಳೆಯಲೆಂದೇ ಸಿಗುವ ಉಪ್ಪುನೀರು) ಮೂಗು ತೊಳೆಯಿರಿ. ಸೀಸನ್ ಪೂರ್ತಿ ಕಾಟ ಇರುವವರಿಗೆ ಮೂಗಿಗೆ ಬಿಡುವ ಸ್ಟೀರಾಯ್ಡ್ ಸ್ಪ್ರೇ ಒಳ್ಳೆಯದು. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು, ದಿನವೂ ಬಿಡಬೇಕು. ಕೂಡಲೇ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಹನಿಗಳು ಬೇರೆ. ಅವನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ನಿಮಗೆ ಬಿಪಿ ಇರುವುದರಿಂದ ಅವೂ ಕೇಳದೆ ಬೇಡ. ಮಾತ್ರೆ ಬೇಕೇ ಬೇಕು ಎನಿಸಿದರೆ ಬೇರೆ ಔಷಧಿ ಸೇರದ, ಮಂಪರು ಕಡಿಮೆ ಇರುವ ಹೊಸ ಅಲರ್ಜಿ ಔಷಧಿಯನ್ನು ವೈದ್ಯರಲ್ಲಿ ಕೇಳಿ. ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ.

ಅಂಗಡಿಯವರು ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರಿನ ಭಾಗ ಅಲ್ಲೇ ಉಳಿದುಬಿಡುತ್ತದೆ. ಇಂಗ್ಲಿಷ್ ಓದಲು ಕಷ್ಟವಾದರೆ ಒಳಗೆ ಏನೇನಿದೆ ಎಂದು ಮಲಯಾಳದಲ್ಲೋ ಕನ್ನಡದಲ್ಲೋ ಬರೆಸಿಕೊಳ್ಳಿ. ಆ ಚೀಟಿ, ಬಿಪಿ ಮಾತ್ರೆ ಎರಡನ್ನೂ ಈ ವಾರವೇ ವೈದ್ಯರಿಗೆ ತೋರಿಸಿ.