ಮಲೆನಾಡಿನ ಜೀವವೈವಿಧ್ಯದ ಮಾಹಿತಿ ಎಲ್ಲರಿಗೂ ಸಿಗುವಂಥ ಜಾಲತಾಣ ಕಟ್ಟಲು ಯಾವ ತಂತ್ರಾಂಶ ಒಳ್ಳೆಯದು?

ಹೊಸನಗರದ ಕಡೆ ನಾವು ಏಳೆಂಟು ಮಂದಿ ಹವ್ಯಾಸಿಗಳು ಕಟ್ಟಿದ್ದ ಕಪ್ಪೆಗಳ ಜಾಲತಾಣವೂ ಇದೇ ಪ್ರಶ್ನೆಯಿಂದ ಆರಂಭವಾಗಿತ್ತು. ಈಗ ಅದು ಇಲ್ಲ. ಅದನ್ನು ಮುಳುಗಿಸಿದ್ದು ದಿನಾಂಕದ ಒಂದು ಕಾಲಂ.

ನಾಲ್ಕು ಮಳೆಗಾಲ ರಾತ್ರಿಯ ಹೊತ್ತು, ಉಂಬಳಗಳ ಕಾಟಕ್ಕೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡು, ಹಳ್ಳದ ಬದಿಯಲ್ಲಿ ನಿಂತು ಕಪ್ಪೆಗಳ ಕೂಗನ್ನು ಗುರುತಿಸಿ ಬರೆದುಕೊಂಡೆವು. ಅವರವರು ಮನೆಯ ಕಂಪ್ಯೂಟರಿನಲ್ಲಿ ಎಕ್ಸೆಲ್‌ಗೆ ತುಂಬಿ ಕಳಿಸಿದ್ದನ್ನು ನಾನು ಒಂದೇ ಹಾಳೆಗೆ ಸೇರಿಸಿದೆ. ನಾವು 8/7 ಎಂದು ಬರೆಯುವುದು ಜುಲೈ 8ಕ್ಕೆ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಕಂಪ್ಯೂಟರ್ ಅದನ್ನು ಆಗಸ್ಟ್ 7 ಎಂದು ತಿಳಿಯುತ್ತದೆ. 18/7 ಎಂದಿದ್ದರೆ, ಹದಿನೆಂಟನೆಯ ತಿಂಗಳೆಂಬುದು ಇಲ್ಲವಾದ್ದರಿಂದ, ಬರೀ ಅಕ್ಷರವೆಂದು ಹಾಗೆಯೇ ಬಿಡುತ್ತದೆ. ಅಂದರೆ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳು, 7/7ರಂಥ ಒಂದನ್ನು ಬಿಟ್ಟು, ಸದ್ದಿಲ್ಲದೆ ಅದಲುಬದಲಾಗುತ್ತವೆ. ವರ್ಷಕ್ಕೆ 132 ದಿನ. ಎಲ್ಲವೂ ತಪ್ಪಿದ್ದರೆ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಕೆಲವರ ಕಂಪ್ಯೂಟರು ನಮ್ಮ ಕ್ರಮದಲ್ಲಿಯೇ ಇದ್ದುದರಿಂದ ಸರಿ ಯಾವುದು, ತಪ್ಪು ಯಾವುದು ಎಂದು ಬೇರ್ಪಡಿಸುವುದೂ ಆಗಲಿಲ್ಲ. ಇಷ್ಟಾದರೂ ಮೂಲ ಹಾಳೆಗಳಿದ್ದರೆ ದಾರಿಯಿತ್ತು. ನಾನು ಕಾಲಂ ಚೆಂದ ಕಾಣಲೆಂದು ಎಲ್ಲ ದಿನಾಂಕಗಳನ್ನೂ ಒಂದೇ ರೂಪಕ್ಕೆ ತಂದು, ಅವರು ಕಳಿಸಿದ ಹಾಳೆಗಳನ್ನು ಅಳಿಸಿಬಿಟ್ಟಿದ್ದೆ.

ಸಂಶೋಧಕರೊಬ್ಬರು ಕೇಳಿದಾಗಲೇ ನಮಗೆ ತಿಳಿದದ್ದು: ನಮ್ಮ ಪಟ್ಟಿಯಲ್ಲಿ ಜನವರಿ 7ರಂದು, ಅಡಿಕೆ ಕೊಯ್ಲಿನ ಕಾಲದಲ್ಲಿ, ಮರಗಪ್ಪೆಗಳು ಜಡಿಮಳೆಯಲ್ಲಿ ಕೂಗಿದ್ದವು. ಅಟ್ಟದ ನೋಟುಪುಸ್ತಕಗಳನ್ನು ಇಳಿಸಿ ನೋಡಿದರೆ ಬೂಷ್ಟು ಹಿಡಿದು ಶಾಯಿ ಕದಡಿತ್ತು. ಉಳಿದದ್ದು ಒಬ್ಬ ಹಿರಿಯ ಕೃಷಿಕರ ದಾಖಲೆಗಳು ಮಾತ್ರ, ಏಕೆಂದರೆ ಅವರು ಷರಾ ಕಾಲಂನಲ್ಲಿ ಪ್ರತಿ ಸಲವೂ ಮಳೆ ನಕ್ಷತ್ರವನ್ನು ಬರೆಯುತ್ತಿದ್ದರು. “ಪುನರ್ವಸು, ಹಳ್ಳ ತುಂಬಿದೆ” ಎಂದಿದ್ದರೆ ಅದು ಜುಲೈ 8 ಆಗಲೇಬೇಕು. ಆಗಸ್ಟ್ 7ಕ್ಕೆ ಆಶ್ಲೇಷ ಮಳೆ. (ಆ ಷರಾಗಳನ್ನು ಅನಗತ್ಯವೆಂದು ತೆಗೆಯಲು ಹೊರಟಿದ್ದವನೂ ನಾನೇ.)

ಆದ್ದರಿಂದ ತಂತ್ರಾಂಶದ ಹೆಸರು ನಾನು ಹೇಳುವುದಿಲ್ಲ. ಹೊಸ ಜಾಲತಾಣವನ್ನೇ ಕಟ್ಟಬೇಡಿ. ಸರ್ವರಿನ ಬಾಡಿಗೆಯನ್ನು ಹತ್ತು ವರ್ಷ ಕಟ್ಟುವವರು ಯಾರು? 2008ರಿಂದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಹಕ್ಕಿಗಳಿಗೆ ಈಬರ್ಡ್ ಇದೆ, ಎಲ್ಲ ಬಗೆಯ ಜೀವಿಗಳಿಗೂ ಐನ್ಯಾಚುರಲಿಸ್ಟ್ ಇದೆ. ಮುಕ್ತ ಪರವಾನಗಿ ಕೊಟ್ಟರೆ ನಿಮ್ಮ ದಾಖಲೆಗಳು ಅಂಥ ಕಡೆಯಿಂದ ಜಗತ್ತಿನ ಜೀವವೈವಿಧ್ಯದ ದಾಖಲೆಗಳನ್ನು ಒಂದೆಡೆ ಸೇರಿಸುವ, ಕೋಪನ್‌ಹೇಗನ್ನಿನಲ್ಲಿ ಕಚೇರಿಯಿರುವ ಜಿಬಿಐಎಫ್ ಭಂಡಾರವನ್ನೂ ಸೇರಬಲ್ಲವು. ಶ್ರೀಗಂಧದ ಮರ ಇರುವ ನಿಖರ ಜಾಗವನ್ನು ಮಾತ್ರ ಎಲ್ಲಿಯೂ ತೆರೆದಿಡಬೇಡಿ.

ಜಿಬಿಐಎಫ್ ಬಳಸುವ ಡಾರ್ವಿನ್ ಕೋರ್ ಎಂಬ ಮಾದರಿಯಲ್ಲಿ ದಿನಾಂಕಕ್ಕೆ ಎರಡು ಕಾಲಂಗಳಿವೆ: ಒಂದು 2011-07-08 ಎಂಬಂತೆ ವರ್ಷ ಮೊದಲಾಗಿ ಬರೆಯಲು, ಇನ್ನೊಂದು ಮೂಲದಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಇಡಲು. ಎರಡನೆಯದನ್ನು ಖಾಲಿ ಬಿಡಬೇಡಿ, ಮಳೆಯ ಹೆಸರೂ ಅಲ್ಲಿರಲಿ. ನೋಟುಪುಸ್ತಕದ ಪುಟದ ಫೋಟೋವನ್ನು ಅದೇ ರಾತ್ರಿ, ಕಾಲಿನ ಕೆಸರು ತೊಳೆಯುವ ಮೊದಲೇ ತೆಗೆದಿಡಿ.