ದೊಡ್ಡವರ ಸೈಕಲ್ಲಲ್ಲಿ ಒಳಪೆಡಲ್ ಹೊಡೆಯುತ್ತಿದ್ದ ಮಕ್ಕಳು ಬೀಳುತ್ತಿರಲಿಲ್ಲವೇಕೆ?

ಸೈಕಲ್ಲನ್ನು ಬಲಕ್ಕೆ ವಾಲಿಸಿಕೊಳ್ಳುತ್ತಿದ್ದುದರಿಂದ. ಒಳಪೆಡಲ್ ಹೊಡೆಯುವಾಗ ಮೈಯೆಲ್ಲ ಸೈಕಲ್ಲಿನ ಎಡಕ್ಕಿರುತ್ತದೆ. ಬಲಗಾಲು ಮಾತ್ರ ಬಾರಿನಡಿ (ಸೀಟಿಗೂ ಹ್ಯಾಂಡಲಿಗೂ ನಡುವಿನ ಅಡ್ಡಕಂಬಿಯಡಿ) ತೂರಿ ಆಚೆ ಪೆಡಲಿನ ಮೇಲೆ. ಆ ಭಾರಕ್ಕೆ ತಕ್ಕಂತೆ ಸೈಕಲ್ ಬಲಕ್ಕೆ ಬಾಗಿದಾಗಲೇ ಎರಡರ ಒಟ್ಟು ತೂಕ ಚಕ್ರಗಳು ನೆಲ ಮುಟ್ಟುವ ಗೆರೆಯ ಮೇಲೆ ಬರುವುದು. ನೋಡುವವರಿಗೆ ಈಗ ಬಿತ್ತು ಅನಿಸುತ್ತದೆ, ಆದರೆ ನೆಟ್ಟಗೆ ಹಿಡಿದರೇ ಬೀಳುವುದು!

28 ಇಂಚು ಚಕ್ರದ ಸೈಕಲ್ಲಿನ ಬಾರು ನೆಲದಿಂದ ಎರಡೂವರೆ ಅಡಿಗೂ ಎತ್ತರ. ಎಂಟು ವರ್ಷದ ಮಗುವಿನ ಕಾಲು ಎರಡಡಿ ಆಸುಪಾಸು, ಹಾಗಾಗಿ ಸೀಟಿನ ಆಸೆಯೇ ಇಲ್ಲ. ಎಡಗೈಯಲ್ಲಿ ಹ್ಯಾಂಡಲ್, ಬಲಗೈ ಬಾರನ್ನೋ ಸೀಟನ್ನೋ ಅಪ್ಪಿರುತ್ತದೆ. ಅಂದರೆ ಕೈಗೆ ಸಿಗುವುದು ಒಂದೇ ಬ್ರೇಕು.

ಹೊಸಬರು ಪೂರ್ತಿ ಸುತ್ತು ತುಳಿಯುತ್ತಿರಲಿಲ್ಲ. ಪೆಡಲ್ ಮೇಲೆ ಬಂದರೆ ಮಂಡಿ ಬಾರಿಗೆ ಬಡಿಯುತ್ತದೆ. ಅರ್ಧ ತುಳಿದು, ಪೆಡಲನ್ನು ಹಿಂದಕ್ಕೆ ತಂದು, ಮತ್ತೆ ಅರ್ಧ. ಹಿಂಚಕ್ರದ ಫ್ರೀವೀಲು ಮುಂದಕ್ಕೆ ಮಾತ್ರ ಕಚ್ಚಿ, ಹಿಂದಕ್ಕೆ ಕಟಕಟನೆ ಜಾರುವುದರಿಂದ ಚಕ್ರ ನಿಲ್ಲದೆ ಉರುಳುತ್ತಿತ್ತು.

ಎಡಕ್ಕೆ ಬಿದ್ದರೆ ಎಡಗಾಲೂರಿ ಬಚಾವಾಗಬಹುದು. ಬಲಕ್ಕೆ ಬಿದ್ದರೆ ಕಾಲು ಫ್ರೇಮಿನೊಳಗೇ ಸಿಕ್ಕಿಕೊಳ್ಳುತ್ತದೆ. ಚೈನ್ ಕವರ್ ಇಲ್ಲದ ಸೈಕಲ್ಲಾದರೆ ಇನ್ನೂ ಕಷ್ಟ: ಚೈನೂ ಹಲ್ಲುಚಕ್ರವೂ ಇರುವುದು ಬಲಗಡೆಯೇ, ಪಾದದ ಗಂಟಿಗೆ ಅಂಟಿಕೊಂಡಂತೆ. ಗ್ರೀಸ್ ಮೆತ್ತಿದ ಸಾಲು ಗೀರುಗಳು ಬೀಳುತ್ತಿದ್ದುದು ಅಲ್ಲೇ.